ಅತ್ತೆಗೆ ಹೋದ ಎಚ್ಚರಿಕೆ

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರನ ಎದೆ ಆ ದಿನ ಒಂದು ಗೇಣು ಉಬ್ಬಿತ್ತು. ಹೊಸ ನಿಗಾ ತಂತ್ರಾಂಶಕ್ಕೆ ಒಂದೊಂದು ಯಂತ್ರವನ್ನೂ ಅವನೇ ಪರಿಚಯಿಸಿದ್ದ: ಇದು ಪ್ರಿಂಟರ್, ಇದರ ವಿಳಾಸ ಇಂಥದ್ದು, ಇದು ಉಸಿರು ನಿಲ್ಲಿಸಿದರೆ ಈ ಫೋನಿಗೆ ಸಂದೇಶ ಕಳಿಸು. ಮಕ್ಕಳನ್ನು ಶಾಲೆಗೆ ಸೇರಿಸುವಷ್ಟು ಕಾಳಜಿಯಿಂದ ಬರೆದಿದ್ದ.

“ಇನ್ನು ಇಲ್ಲಿ ಇರುವೆ ಸತ್ರೂ ನನಗೆ ಗೊತ್ತಾಗುತ್ತೆ ಸಾರ್,” ಎಂದು ಮೇಲಧಿಕಾರಿಗೆ ಹೇಳುತ್ತಿರುವಾಗಲೇ ಎಕ್ಸ್-ರೇ ತಂತ್ರಜ್ಞೆ ಬಂದು, ಎರಡನೇ ಮಹಡಿಯಲ್ಲಿ ಒಂದು ಚಿತ್ರವೂ ತೆರೆಯುತ್ತಿಲ್ಲ ಎಂದಳು.

“ಸಾಧ್ಯಾನೇ ಇಲ್ಲ. ನನಗೆ ಸಂದೇಶ ಬಂದಿಲ್ವಲ್ಲ!”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿಯ ತಾಯಿ, ಅವನ ಮನೆಯಲ್ಲೇ ಇರುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್ ಮಾಡಿದ. ಕೊನೆಗೆ ಮೇಲಧಿಕಾರಿಯೇ, “ಎತ್ತಿಬಿಡ್ರಿ, ಸಂಜೆ ಮನೆಗೆ ಹೋಗ್ಬೇಕಲ್ಲ,” ಎಂದರು.

“ಅಳಿಯಂದ್ರೇ, ನಿಮ್ಮ ಆಸ್ಪತ್ರೇಲಿ ಸಾಲಾಗಿ ಸಾಯ್ತಾ ಇವೆಯಲ್ಲ! ಎರಡನೇ ಮಹಡಿ ಪ್ರಿಂಟರ್ ಅಂತೆ, ಎಕ್ಸ್-ರೇ ಕಂಪ್ಯೂಟರ್ ಅಂತೆ. ಸ್ವಾಗತದ ಹುಡುಗಿಗೆ ಫೋನ್ ಮಾಡಿ ಹೇಳಿದ್ರೆ, ‘ಯಾವ ವಾರ್ಡು, ರೋಗಿ ಹೆಸರೇನಮ್ಮ’ ಅಂತಾಳೆ!”

ಎಂಜಿನಿಯರನ ಮುಖ ಇಂಗು ತಿಂದ ಮಂಗನಂತಾಯಿತು. ಅವನ ಫೋನಿನಲ್ಲಿ ‘ಅತ್ತೆ’ಯ ಕೆಳಗಿನ ಹೆಸರೇ ‘ಅತ್ಯವಶ್ಯ’, ಅಂದರೆ ಅವನೇ ಹೊತ್ತು ತಿರುಗುವ ಕಚೇರಿಯ ತುರ್ತು ಫೋನು. ತಂತ್ರಾಂಶಕ್ಕೆ ಆ ಸಂಖ್ಯೆ ನಕಲು ಮಾಡುವಾಗ ಬೆರಳು ಒಂದು ಸಾಲು ಮೇಲೆ ಬಿದ್ದಿತ್ತು.

“ಎರಡೂ ಒಂದೇ ಬಿಡ್ರಿ,” ಎಂದರು ಮೇಲಧಿಕಾರಿ, ಅನುಭವಸ್ಥರು.

ಅತ್ತೆ ಸತ್ತವುಗಳ ಹೆಸರು ಓದುತ್ತ ಹೋದರು, ಅವನು ಕೇಳುತ್ತ ಮೆಟ್ಟಿಲು ಹತ್ತಿದ. ಎಲ್ಲವೂ ಯಂತ್ರಗಳನ್ನು ನೆಟ್‌ವರ್ಕಿಗೆ ಜೋಡಿಸುವ ಒಂದೇ ಪೆಟ್ಟಿಗೆಗೆ, ಒಂದೇ ಸ್ವಿಚ್‌ಗೆ, ಜೋತುಬಿದ್ದಿದ್ದವು. ನೆಲ ಉಜ್ಜುವ ಯಂತ್ರಕ್ಕೆಂದು ಯಾರೋ ಅದರ ಪ್ಲಗ್ ಕಿತ್ತಿದ್ದರು. ಸಿಕ್ಕಿಸಿದ.

“ಬದುಕಿದ್ವಂತೆ ಕಣ್ರೀ!” ಅತ್ತೆಯ ದನಿಯಲ್ಲಿ ಇಡೀ ತರಗತಿ ಪಾಸಾದ ಸಂತೋಷವಿತ್ತು.

ಅವನು ಕೂತು ವಿವರಗಳನ್ನು ತಿದ್ದಿದ. ಆ ಸ್ವಿಚ್ಚೇ ಉಳಿದವಕ್ಕೆಲ್ಲ ತಾಯಿ ಎಂದು ಬರೆದ. ತಾಯಿ ಮಲಗಿದರೆ ಅವಳ ಸುದ್ದಿಯೊಂದು ಬಂದರೆ ಸಾಕು, ಮಕ್ಕಳೆಲ್ಲ ಬೇರೆ ಬೇರೆಯಾಗಿ ಅಳುವುದು ಬೇಡ. ಫೋನ್ ಸಂಖ್ಯೆಯನ್ನೂ ಬದಲಿಸಿದ.

ಸಂಜೆ ಮನೆಗೆ ಬಂದರೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. “ಆಮೇಲಿಂದ ಒಂದೂ ಮಾತಾಡ್ಲಿಲ್ಲ ಅವು. ಕೆಲಸ ಆದ್ಮೇಲೆ ನನ್ನ ತೆಗೆದುಹಾಕಿದ್ರಾ?”

ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಬೇರೆ ದಾರಿ ಕಾಣದೆ ಅವನು ಸೋಫಾದ ಪಕ್ಕದಲ್ಲಿದ್ದ ಮನೆಯ ವೈಫೈ ಪೆಟ್ಟಿಗೆಯನ್ನೂ ತಂತ್ರಾಂಶಕ್ಕೆ ಸೇರಿಸಿ, ಸುದ್ದಿ ಮುಟ್ಟಿಸಬೇಕಾದವರು ಅತ್ತೆ ಎಂದು ಬರೆದ.

ಭಾನುವಾರ ಸೋಫಾದ ಮೇಲೆ ಕಾಲು ಚಾಚಿ ವೈಫೈನಲ್ಲಿ ಪಂದ್ಯ ನೋಡುತ್ತಿದ್ದಾಗ ಪರದೆ ಕಲ್ಲಾಗಿ ನಿಂತಿತು. ಪಕ್ಕದ ಕೋಣೆಯಿಂದ ಮುಖ್ಯೋಪಾಧ್ಯಾಯಿನಿಯ ದನಿ ಕೇಳಿಸಿತು:

“ಅಳಿಯಂದ್ರೇ, ಕಾಲು ವೈರಿನ ಮೇಲಿಂದ ತೆಗೀರಿ!”