ತಿಳಿನೀರಿನ ನೊರೆ

ನನ್ನ ಅಮ್ಮ ಮತ್ತು ನನ್ನ ಹೆಂಡತಿ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿನ ಪಂಪುಗಳ ರಿಪೇರಿ ನನ್ನದು. ಇಂಥ ಪಾಡು ಯಾವ ಶತ್ರುವಿಗೂ ಬೇಡ.

ಅಮ್ಮನದು ನೊರೆ ವಿಭಾಗ. ತಾಮ್ರದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ನೊರೆ ಬರಿಸುವ ಎಣ್ಣೆ ಬಿಟ್ಟು, ಗಾಳಿ ಊದಿದರೆ ತಾಮ್ರ ನೊರೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಕಲ್ಲಿನ ಪುಡಿ ತಳ ಸೇರುತ್ತದೆ. ಉಳಿದ ಕೊಳೆನೀರು ಹೆಂಡತಿಯ ವಿಭಾಗಕ್ಕೆ. ಅವಳು ಅದರ ಕೆಸರನ್ನೆಲ್ಲ ಇಳಿಸಿ, ತಿಳಿ ಮಾಡಿ, ಮತ್ತೆ ಅಮ್ಮನ ತೊಟ್ಟಿಗಳಿಗೇ ಕಳಿಸುವ ಹೊಸ ಏರ್ಪಾಟು ಈಗಷ್ಟೇ ಶುರುವಾಗಿತ್ತು. ನದಿಯಿಂದ ನೀರೆತ್ತುವುದನ್ನು ನಿಲ್ಲಿಸಬೇಕೆಂಬುದು ಉದ್ದೇಶ.

ಅಂದಿನಿಂದ ನೊರೆ ಹಾಲುಕ್ಕಿದಂತೆ ಉಕ್ಕಿ ನೆಲಕ್ಕೆ ಹರಿಯುತ್ತಿತ್ತು. ತಾಮ್ರವೂ ಅದರ ಜೊತೆಗೇ ಚರಂಡಿಗೆ. "ನಿನ್ನ ಹೆಂಡ್ತಿ ನೀರಿಗೇನೋ ಆಗಿದೆ ನೋಡೋ" ಎಂದು ಅಮ್ಮ. "ನಿಮ್ಮಮ್ಮನ ತೊಟ್ಟೀನೇ ಸರಿಯಿಲ್ಲ" ಎಂದು ಹೆಂಡತಿ. ನಾನು ಪಂಪಿನ ಕೆಳಗೆ ಮಲಗಿ ನಟ್ಟು ಬಿಗಿ ಮಾಡುತ್ತಿದ್ದೆ. ಅದು ಮೊದಲೇ ಬಿಗಿಯಾಗಿತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಬಂದು ಖಡಾಖಂಡಿತವಾಗಿ ಹೇಳಿದರು: ಇವತ್ತೂ ಉಕ್ಕಿದರೆ ಮತ್ತೆ ನದಿ ನೀರೇ, ತಿಳಿನೀರಿನ ವಿಭಾಗ ಬಂದ್, ಅಲ್ಲಿದ್ದವರಿಗೆ ದೂರದ ಗಣಿಗೆ ವರ್ಗ. ನನ್ನ ಜೀವ ಬಾಯಿಗೆ ಬಂತು. ಹೆಂಡತಿ ಅಲ್ಲಿಗೆ ಹೋದರೆ ಆಗೊಮ್ಮೆ ಈಗೊಮ್ಮೆ ಮುಖ ನೋಡಿದರೆ ಹೆಚ್ಚು.

ಮಧ್ಯಾಹ್ನ ಹೆಂಡತಿ ತನ್ನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಅಮ್ಮನೆದುರು ನಿಂತಳು. ನೀರು ತಿಳಿಯಾಗಿತ್ತು. ಮುಚ್ಚಳ ಬಿಗಿದು ಕುಲುಕಿದಳು. ಬಾಟಲಿಯ ಕುತ್ತಿಗೆಯವರೆಗೆ ನೊರೆ ಎದ್ದಿತು.

"ಎಷ್ಟು ಎಣ್ಣೆ ಹಾಕ್ದೆ?" ಅಮ್ಮ ಕೇಳಿದಳು.

"ನಾನು ಹಾಕಿಲ್ಲ ಅತ್ತೆ, ನೀವು ಹಾಕಿದ್ದೇ. ಕೆಸರು ಇಳೀತು, ಎಣ್ಣೆ ನೀರಲ್ಲೇ ಉಳ್ಕೊಂಡಿದೆ. ತಿಳಿಯಾಯ್ತಲ್ಲ ಅಂತ ನಾನೂ ಮೋಸಹೋದೆ. ಅದರ ಮೇಲೆ ನೀವು ಮೊದಲಿನಷ್ಟೇ ಬಿಡ್ತಿದ್ದೀರಿ. ಎಣ್ಣೆ ನಲ್ಲಿ ಮುಚ್ಚಿ ನೋಡೋಣ."

"ನೊರೆ ಸತ್ತುಹೋದ್ರೆ? ಇಡೀ ಪಾಳಿಯ ತಾಮ್ರ ತಳ ಸೇರುತ್ತೆ. ಕೇಳೋದು ನನ್ನನ್ನ."

"ಹೌದು" ಎಂದಳು ಹೆಂಡತಿ.

ಅಮ್ಮ ನಲ್ಲಿ ತಿರುಗಿಸಿದಳು. ಪೂರ್ತಿ ಮುಚ್ಚಲಿಲ್ಲ, ಹನಿ ಹನಿ ಬೀಳುವಷ್ಟು ಬಿಟ್ಟಳು. ಅಮ್ಮ ಯಾರ ಮಾತನ್ನೂ ಪೂರ್ತಿ ಕೇಳಿದವಳಲ್ಲ.

ಮೂವರೂ ತೊಟ್ಟಿಯ ಸುತ್ತಲಿನ ಕಂಬಿ ಹಿಡಿದು ನಿಂತೆವು. ಉಕ್ಕುತ್ತಿದ್ದ ನೊರೆ ನಿಧಾನಕ್ಕೆ ಇಳಿಯಿತು. ಇಳಿಯುತ್ತಲೇ ಹೋಯಿತು, ಇನ್ನೇನು ಸತ್ತಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ನೊರೆ ತೊಟ್ಟಿಯ ಅಂಚಿಗೆ ಸರಿಯಾಗಿ ನಿಂತು, ತಾಮ್ರದ ಪುಡಿ ಹೊತ್ತು ಮಿನುಗುತ್ತಾ, ತಾಮ್ರ ಒಯ್ಯುವ ಬದಿಯ ಕಾಲುವೆಗೆ ಜಾರುತ್ತಿತ್ತು. ನೆಲಕ್ಕೆ ಒಂದು ತೊಟ್ಟೂ ಚೆಲ್ಲಲಿಲ್ಲ.

ಪಾಳಿ ಮುಗಿಯುವವರೆಗೂ ಹಾಗೇ ಇತ್ತು. ಮ್ಯಾನೇಜರ್ ಬಂದು ನೋಡಿ, "ನಡೀಲಿ" ಎಂದು ಹೋದರು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಹೆಂಡತಿ ಅಲ್ಲೇ ಕುಸಿದು ಕೂತು ಅತ್ತಳು. ಅಮ್ಮ ಕೈಗವಸು ಬಿಚ್ಚಿ ಅವಳ ಪಕ್ಕ ಕೂತಳು.

"ನೀನು ಹೊರಟುಹೋಗ್ತೀಯ ಅಂತ ಬೆಳಿಗ್ಗೆಯಿಂದ ಗಂಟಲಲ್ಲಿ ತುತ್ತು ಇಳಿದಿಲ್ಲ ಕಣೆ. ಇವನೊಬ್ಬನ್ನ ಇಟ್ಕೊಂಡು ನಾನೇನು ಮಾಡ್ಲಿ?"

ನಾನು ಪಕ್ಕದಲ್ಲೇ ಇದ್ದೆ. ಅದು ಇಬ್ಬರಿಗೂ ನೆನಪಿರಲಿಲ್ಲ, ನನಗೂ ಬೇಜಾರಾಗಲಿಲ್ಲ.