ಹೊಲಿಗೆ ಬಿಚ್ಚುವ ಕೈ

ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೇ ನನ್ನ ಗಂಡ ಸೂಜಿಗೆ ತಾವೇ ದಾರ ಪೋಣಿಸಿದರು. ಪೋಣಿಸಿ, ಸೂಜಿಯನ್ನು ನನ್ನ ಮೂಗಿನ ಮುಂದೆ ಹಿಡಿದು, “ನೋಡ್ಕೋ, ಮಾಸ್ಟರ್ ವಾಪಸ್ ಬಂದ,” ಎಂದರು. ಬಲಗೈ ನಡುಗುತ್ತಿರಲಿಲ್ಲ. ನಾನು ನಕ್ಕೆ. ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತೆ.

ನಮ್ಮದು ಕೋಟು ಹೊಲಿಯುವ ಮನೆ. ಬೀದಿ ಕಡೆಯ ಕೋಣೆಯೇ ಅಂಗಡಿ. ಕತ್ತರಿಸುವುದು, ಹೊಲಿಯುವುದು ಅವರದು. ಕಾಜ, ಗುಂಡಿ, ಕೋಟಿನ ಒಳಪದರ ನನ್ನದು. ಬೀದಿಯೆಲ್ಲ ಅವರನ್ನು ಮಾಸ್ಟರ್ ಎನ್ನುತ್ತಿತ್ತು. ಕಾಯಿಲೆ ಬಂದ ಮೇಲೆ ಮೊದಲು ಕೈ ನಡುಗಿತು, ಆಮೇಲೆ ಕಾಲು ನೆಲಕ್ಕೆ ಅಂಟಿಕೊಂಡಂತಾಯಿತು, ಕೊನೆಗೆ ಮುಖದಲ್ಲಿ ನಗುವೇ ಮೂಡದಾಯಿತು. ನಕ್ಕೆ ಎಂದು ಅವರೇ ಬಾಯಿಬಿಟ್ಟು ಹೇಳಬೇಕಿತ್ತು.

ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಮಿದುಳಿನ ಚಿತ್ರ ಬರೆದು ತೋರಿಸಿದ್ದರು. “ಇಲ್ಲಿ ಬುಡದ ಹತ್ತಿರ ಕಪ್ಪಗಿರೋ ಒಂದು ಸಣ್ಣ ಜಾಗ ಇದೆ. ಇಲ್ಲಿನ ಕೋಶಗಳು ಡೋಪಮೈನ್ ಅನ್ನೋ ರಾಸಾಯನಿಕ ತಯಾರಿಸ್ತವೆ. ಇವರಲ್ಲಿ ಅವು ಸಾಯ್ತಿವೆ. ಈ ಮಾತ್ರೆ ಆ ಡೋಪಮೈನಿನ ವೇಷ ಹಾಕ್ಕೊಂಡು ಅದರ ಕೆಲಸ ಮಾಡತ್ತೆ.”

“ವೇಷನೋ ನಿಜಾನೋ, ಕೈ ಆಡಿದ್ರೆ ಸಾಕು,” ಎಂದಿದ್ದರು ಇವರು.

“ಹೊಸದಾಗಿ ಏನಾದ್ರೂ ಚಟ ಶುರುವಾದ್ರೆ ಬಂದು ಹೇಳ್ಬೇಕು. ಜೂಜು, ಸಿಕ್ಕಿದ್ದೆಲ್ಲ ಕೊಳ್ಳೋದು, ಸುಮ್ನೆ ತಿಂತಾನೇ ಇರೋದು...”

“ಈ ವಯಸ್ಸಲ್ಲಿ ಚಟಾನಾ? ಅಷ್ಟು ಅದೃಷ್ಟ ಎಲ್ಲಿದೆ ಡಾಕ್ಟರಮ್ಮಾ!”

ಡಾಕ್ಟರಮ್ಮನೂ ನಾನೂ ನಕ್ಕಿದ್ದೆವು, “ನಾನೂ ನಕ್ಕೆ,” ಎಂದಿದ್ದರು ಇವರು. ಮನೆಗೆ ಬಂದ ಮೇಲೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಇಸ್ಪೀಟು ಮುಟ್ಟಲಿಲ್ಲ, ಏನೂ ಕೊಳ್ಳಲಿಲ್ಲ, ಊಟವೂ ಎಂದಿನಷ್ಟೇ. ಮಾಡಿದ್ದು ಕೆಲಸ ಮಾತ್ರ. ಬೆಳಗಾದರೆ ಮೇಜಿನ ಮುಂದೆ ಹಾಜರು. ಮೊಣಕಾಲ ಮೇಲೆ ಕೋಟು, ಕೈಯಲ್ಲಿ ಹೊಲಿಗೆ ಬಿಚ್ಚುವ ಮೊಳೆ, ಬಾಯಲ್ಲಿ ಗುನುಗು. ಕೆಲಸವನ್ನು ಚಟ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಕೋಟಿನ ಕೆಲಸದಲ್ಲಿ ಬಿಚ್ಚುವುದು ಅನುಮಾನದ ಸಂಗತಿಯೂ ಅಲ್ಲ. ಮೊದಲು ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತೇವೆ. ಗಿರಾಕಿಯ ಮೈಮೇಲೆ ತೊಡಿಸಿ ನೋಡಿ, ಪಕ್ಕಾ ಹೊಲಿಗೆ ಹಾಕಿ, ಆಮೇಲೆ ಬಿಳಿ ದಾರ ಕಿತ್ತುಹಾಕುತ್ತೇವೆ. ಅವರ ಕಾಲ ಬುಡದಲ್ಲಿ ದಾರದ ರಾಶಿ ಬಿದ್ದಿರುತ್ತಿತ್ತು. ನಾನು ಗುಡಿಸುತ್ತಿದ್ದೆ. ಬಿಳಿ ದಾರದ ಜೊತೆ ಕಪ್ಪು ದಾರವೂ ಇದ್ದದ್ದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ತಲೆಗೆ ಹೋಗುವಂತೆ ಮಾಡಿದವನು ತುತ್ತೂರಿಯವನು. ವಾದ್ಯದ ತಂಡದಲ್ಲಿ ತುತ್ತೂರಿ ಊದುವವನು, ಹಳೆಯ ಗಿರಾಕಿ. ಕೋಟಿನ ಗುಂಡಿ ಬದಲಿಸಲು ಕೊಟ್ಟು ಒಯ್ದಿದ್ದ. ಮರುದಿನ ಬಾಗಿಲಲ್ಲಿ ನಿಂತ. ಮೈಮೇಲೆ ಕೋಟು, ಕೈಯಲ್ಲಿ ಅದರ ಬಲತೋಳು.

“ಮಾಸ್ಟರ್, ತುತ್ತೂರಿ ಮೇಲೆತ್ತಿದೆ. ತುತ್ತೂರಿ ಮೇಲೆ ಹೋಯ್ತು, ತೋಳು ಕೆಳಗೆ ಬಂತು. ಸಭೆ ಪೂರ್ತಿ ಚಪ್ಪಾಳೆ. ನನ್ನ ಜನ್ಮದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.”

ನಾನು ನಾಚಿಕೆಯಿಂದ ಕುಗ್ಗಿಹೋದೆ. ಇವರು ತೋಳನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಮುಖ ಅರಳಿತು. “ನಾನು ಅಂದ್ಕೊಂಡಿದ್ದೇ ಸರಿ. ಇದರ ಹೊಲಿಗೆ ಒಂದು ನೂಲಿನಷ್ಟು ಸೊಟ್ಟ ಇತ್ತು. ಅದಕ್ಕೇ ಬಿಚ್ಚೋಕೆ ಶುರು ಮಾಡಿದ್ದೆ.”

“ಅದು ನೀವೇ ಹೊಲಿದ ಕೋಟು ಕಣ್ರೀ,” ಎಂದೆ.

“ಹಾಗಾದ್ರೆ ಬಾಕಿ ಎಲ್ಲಾನೂ ನೋಡ್ಬೇಕು,” ಎಂದು ಬೀರುವಿನ ಕಡೆ ನಡೆದರು.

ಬೀರು ತೆಗೆದರು. ನೇತುಹಾಕಿದ್ದ ಕೋಟುಗಳೆಲ್ಲ ಮುಂದಿನಿಂದ ಸರಿಯಾಗಿಯೇ ಕಂಡವು. ತಿರುಗಿಸಿದರೆ ಒಂದಕ್ಕೂ ಬೆನ್ನಿನ ಹೊಲಿಗೆ ಇರಲಿಲ್ಲ.

ಮಗಳು ಓಡಿಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಅವಳಿಗೆ, ಮಾತು ಚಾಕುವಿನಂತೆ. “ಅಮ್ಮಾ, ಪಕ್ಕದಲ್ಲೇ ಕೂತು ಗುಂಡಿ ಹಚ್ತಿದ್ದೆ, ಇಷ್ಟೂ ಕಾಣಲಿಲ್ವಾ?”

“ಖುಷಿಯಾಗಿದ್ರಲ್ಲೇ,” ಎಂದೆ.

ಡಾಕ್ಟರಮ್ಮ ಈ ಸಲ ಅದೇ ಚಿತ್ರದ ಮೇಲೆ ಇನ್ನೊಂದು ಸುತ್ತು ಹಾಕಿದರು. ಡೋಪಮೈನ್ ಕೈಕಾಲಿಗೆ ಮಾತ್ರ ಬೇಕಾದದ್ದಲ್ಲವಂತೆ. ಇದು ಚೆನ್ನಾಗಿದೆ, ಇನ್ನೊಮ್ಮೆ ಮಾಡು ಎಂದು ಹುರಿದುಂಬಿಸುವ ಭಾಗಕ್ಕೂ ಅದೇ ಬೇಕಂತೆ. ಇವರಲ್ಲಿ ಆ ಭಾಗ ಇನ್ನೂ ಅಷ್ಟು ಸೊರಗಿಲ್ಲ. ಅಲ್ಲಿ ಮಾತ್ರೆ ತುಂಬಿ ತುಳುಕಿದೆ.

“ಕೈಗೆ ಬೇಕಾದ್ದನ್ನ ಕೈಗೆ ಮಾತ್ರ ಕೊಡೋಕಾಗಲ್ವಾ?” ಎಂದು ಕೇಳಿದೆ.

“ಮಿದುಳಿಗೆ ಕೋಣೆಗೊಂದು ನಲ್ಲಿ ಇಲ್ಲಮ್ಮ. ಬಿಟ್ರೆ ಎಲ್ಲಾ ಕಡೆ ಹರಿಯತ್ತೆ.”

ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಬಿಚ್ಚುವುದು ನಿಂತಿತು. ನಡುಕ ಬಂತು. ನಡುಕ ನನಗೆ ಗೊತ್ತಿದ್ದದ್ದೇ, ಊಟ ಮಾಡಿಸುತ್ತೇನೆ, ಗುಂಡಿ ಹಾಕುತ್ತೇನೆ, ಅದೇನು ಮಹಾ. ಜೊತೆಗೆ ಬಂದದ್ದು ಗೊತ್ತಿರಲಿಲ್ಲ. ಕಿಟಕಿಯ ಪಕ್ಕ ಕೂರಿಸಿದರೆ ಎಬ್ಬಿಸುವ ತನಕ ಕೂತಿರುತ್ತಿದ್ದರು. ಮಗಳು ಹಣ್ಣು ಹೆಚ್ಚಿ ಕೊಟ್ಟರೆ ತಟ್ಟೆ ಹಾಗೆಯೇ ಒಣಗುತ್ತಿತ್ತು. ಕೆಲವೊಮ್ಮೆ ಕಾರಣವಿಲ್ಲದೆ ಮೈಯೆಲ್ಲ ಬೆವರಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು.

ಬೇರೆ ಮಾತ್ರೆಗಳನ್ನೂ ಕೊಟ್ಟು ನೋಡಿದರು. ಒಂದು ವಾಂತಿ ತರಿಸಿತು, ಇನ್ನೊಂದು ಇಡೀ ದಿನ ಮಲಗಿಸಿತು.

“ಏನಾಗತ್ತೆ ಹೇಳ್ರೀ,” ಎಂದೆ ಒಂದು ಮಧ್ಯಾಹ್ನ.

“ಏನೂ ಆಗಲ್ಲ. ಅದೇ ಆಗ್ತಿರೋದು. ಏನೂ ಬೇಕು ಅನ್ಸಲ್ಲ.”

“ನಾನೂ?”

ಸುಳ್ಳು ಹೇಳಲೂ ಮನಸ್ಸು ಬೇಕಲ್ಲ. “ನೀನು ಇದೀಯ ಅಂತ ಗೊತ್ತು ಕಣೇ. ಒಳ್ಳೆಯವಳು ಅಂತಾನೂ ಗೊತ್ತು. ಗೊತ್ತಿರೋದು ಅಷ್ಟೇ, ಇನ್ನೇನೂ ಅನ್ಸಲ್ಲ.”

ನಾನು ಅವರ ಅಂಗಿಯ ಕಾಲರು ಸರಿಮಾಡಿ ಒಳಗೆ ಹೋದೆ. ಒಲೆಯ ಮೇಲೆ ಏನಿಟ್ಟಿದ್ದೆ ಎಂಬುದೇ ಮರೆತಿತ್ತು.

ಮುಂದಿನ ಸಲ ಡಾಕ್ಟರಮ್ಮ ಅವರನ್ನೇ ಕೇಳಿದರು, “ಏನು ಮಾಡೋಣ?” ಅವರು ನನ್ನ ಕಡೆ ಕೈ ತೋರಿಸಿದರು. “ಅವಳನ್ನ ಕೇಳಿ.”

“ಮೊದಲಿನ ಮಾತ್ರೇನೇ ಹಳೇ ಲೆಕ್ಕದಲ್ಲಿ ಕೊಡಿ,” ಎಂದೆ.

“ಅಮ್ಮಾ!” ಮಗಳು ಎದ್ದು ನಿಂತಳು. “ಆ ಖುಷಿ ಮಾತ್ರೇದು, ಅಪ್ಪಂದಲ್ಲ!”

“ಈಗಿರೋ ಈ ಬೇಸರ ಮಾತ್ರ ಅಪ್ಪಂದಾ?”

ಮಗಳು ಡಾಕ್ಟರಮ್ಮನ ಮುಖ ನೋಡಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಮುಂಚಿನಷ್ಟು ಕೊಡೋಕಾಗಲ್ಲ, ಅದಕ್ಕಿಂತ ಒಂದು ಕೂದಲೆಳೆ ಕಡಿಮೆ ಕೊಡ್ತೀನಿ. ಬಿಚ್ಚೋದು ಮತ್ತೆ ಶುರುವಾಗಬಹುದು, ಆಗದೇನೂ ಇರಬಹುದು. ಹೇಗೇ ಆದ್ರೂ ಬೇರೆಯವರ ಬಟ್ಟೆ ಮನೇಲಿ ಬೇಡ.”

ಅಂದರೆ ಅಂಗಡಿ ಮುಚ್ಚಬೇಕು. ಕೋಟುಗಳ ಬೆನ್ನನ್ನು ನನ್ನ ಕೈಲಾದಷ್ಟು ಹೊಲಿದು, ಒಂದೊಂದನ್ನೇ ಹಿಂದಿರುಗಿಸಿದೆ. ತುತ್ತೂರಿಯವನು ತೋಳಿನ ಹೊಲಿಗೆ ಜಗ್ಗಿ ನೋಡಿ, “ಇನ್ನು ಚಪ್ಪಾಳೆ ನಾನೇ ಸಂಪಾದಿಸ್ಬೇಕು ಅನ್ನಿ,” ಎಂದ. ನಗಿಸಲು ಹೇಳಿದ. ನಾನು ನಗಲಿಲ್ಲವೆಂದು ಅವನಿಗೇ ಕಸಿವಿಸಿಯಾಯಿತು. ಮಗಳು ಬಾಗಿಲ ಮೇಲಿನ ಅಂಗಡಿ ಹೆಸರಿನ ಹಲಗೆ ಇಳಿಸಿ ಮಂಚದ ಕೆಳಗೆ ತಳ್ಳಿದಳು. ತಳ್ಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮಾತ್ರೆ ಏರಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಗುನುಗಿದರು. ಮಗಳ ತಟ್ಟೆಯಿಂದ ಹಣ್ಣು ಕದ್ದು ತಿಂದರು. ಆಮೇಲೆ ಮೇಜಿನ ಮುಂದೆ ಕೂತು ಹೊದಿಕೆಯ ಅಂಚು ಬಿಚ್ಚಿದರು, ದಿಂಬಿನ ಕವಚ ಬಿಚ್ಚಿದರು, ತಮ್ಮದೇ ಕೋಟು ಬಿಚ್ಚಿದರು. ಡಾಕ್ಟರಮ್ಮನಿಗೆ ತಿಳಿಸಿದೆವು, ಸೋಮವಾರ ಬರಹೇಳಿದರು. ಮತ್ತೆ ಇಳಿಸಬಹುದು. ಇಳಿಸಿದರೆ ಏನಾಗುತ್ತದೆಂದು ನೋಡಿ ಆಗಿದೆ.

“ಗಿರಾಕಿಗಳ್ಯಾಕೆ ಬರ್ತಿಲ್ಲ?” ಎಂದು ನಿನ್ನೆ ಕೇಳಿದರು.

“ಬರ್ತಾರೆ,” ಎಂದೆ.

“ಬಂದೇ ಬರ್ತಾರೆ. ಇಂಥಾ ಕೈ ಇನ್ನೆಲ್ಲಿ ಸಿಗತ್ತೆ ಅವರಿಗೆ?” ಎಂದವರು ನನ್ನ ಭುಜದ ಮೇಲೆ ಕಣ್ಣು ನೆಟ್ಟರು. “ಏ, ಇಲ್ಲಿ ಬಾ. ನಿನ್ನ ರವಿಕೆ ತೋಳು ಎಳೀತಿದೆ. ಯಾರು ಹೊಲಿದಿದ್ದು ಇದನ್ನ?”

“ನೀವೇ.”

“ನಾನಾ? ಇರಲಾರದು.” ಬಿಚ್ಚುವ ಮೊಳೆ ಕೈಗೆತ್ತಿಕೊಂಡರು. “ಅಲ್ಲಾಡ್ಬೇಡ. ಚುಚ್ಚೀತು.”

ಅವರ ಉಸಿರು ನನ್ನ ಕತ್ತಿಗೆ ತಾಕುತ್ತಿತ್ತು. ಬೆರಳು ಒಂದಿಷ್ಟೂ ನಡುಗಲಿಲ್ಲ. ಭುಜದ ಹೊಲಿಗೆ ಒಂದೊಂದೇ ಎಳೆ ಬಿಡುತ್ತಾ ಬಂತು. ಅಡುಗೆಮನೆಯ ಬಾಗಿಲಲ್ಲಿ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬರಬೇಡ ಎಂದು ಅವಳಿಗೆ ಕಣ್ಣಲ್ಲೇ ಹೇಳಿ, ನಾನು ಅಲ್ಲಾಡದೆ ನಿಂತೆ.