ಅರ ಹಾಕಿದ ಕತ್ತಿ

ನಾನು ಯೆಫ್ರೇಮ್, ಒಬಲ್ಯಾನೊವ್ ಮನೆತನದ ಜೀತದ ಕಮ್ಮಾರ. ಚಿಕ್ಕ ದಣಿ ಪ್ಲಾಟೋನ್ ಬಂಡಾಯಕ್ಕೆ ಹೊರಟ ಹಿಂದಿನ ದಿನ, ನನ್ನ ಮಗಳು ಉಸ್ತೀನ್ಯಾಳ ಬಿಡುಗಡೆ ಪತ್ರವನ್ನು ಅವರ ಮೇಜಿನ ಮೇಲಿಟ್ಟು ಸಹಿ ಕೇಳಿದ್ದೆ. ಅವಳು ಅವರ ಪಾಲಿಗೆ ಬಂದ ಆಳು.

“ನಾಳೆ ರಷ್ಯಾದಲ್ಲಿ ಎಲ್ಲರೂ ಸ್ವತಂತ್ರರಾಗ್ತಾರೆ. ಇವತ್ತು ಒಬ್ಬಳಿಗೆ ಯಾಕೋ ಕಾಗದ?” ಎಂದು ನಕ್ಕರು.

ಮರುದಿನ ಚೌಕದಲ್ಲಿ ಚಕ್ರವರ್ತಿಯ ತೋಪುಗಳು ಹಾರಿದವು. ಚಿಕ್ಕ ದಣಿ ಕೋಟೆಯ ಸೆರೆಮನೆ ಸೇರಿದರು. ಏಳು ತಿಂಗಳಾದ ಮೇಲೆ ತೀರ್ಪು ಬಂತು: ತಲೆಯ ಮೇಲೆ ಕತ್ತಿ ಮುರಿದು ಕುಲೀನ ಪದವಿ ಕಿತ್ತುಕೊಳ್ಳುವುದು, ಆಮೇಲೆ ಸೈಬೀರಿಯ. ಕತ್ತಿ ಮುರಿದ ಗಳಿಗೆಯಿಂದ ಅವರು ಕಾನೂನಿನ ಕಣ್ಣಿಗೆ ಸತ್ತಂತೆ. ಇದ್ದದ್ದೆಲ್ಲ ಅಣ್ಣ ವಲೇರಿಯನ್‌ಗೆ. ಹೊಲ, ಕುದುರೆ, ಉಸ್ತೀನ್ಯಾ. ವಲೇರಿಯನ್‌ನ ಬೇಟೆಮನೆಗೆ ಹೋದ ಹುಡುಗಿಯರು ಹೇಗೆ ಹಿಂದಿರುಗುತ್ತಾರೆಂದು ನಮಗೆಲ್ಲ ಗೊತ್ತು. ಒಬ್ಬಳನ್ನು ನಾನೇ ಕೆರೆಯಿಂದ ಎತ್ತಿದ್ದೆ.

ಇಂಥ ಕತ್ತಿ ಸುಲಭವಾಗಿ ಮುರಿಯಲೆಂದು ಮೊದಲೇ ಅರದಿಂದ ಉಜ್ಜಿಡುತ್ತಾರೆ. ಕೋಟೆಗೆ ಕಮ್ಮಾರರು ಸಾಲದೆ ನನ್ನನ್ನೂ ಕರೆಸಿದರು. ದಣಿಯ ಕತ್ತಿಯನ್ನು ನಾನೇ ಕೇಳಿ ಪಡೆದೆ. ತಲೆಗೆ ಪೆಟ್ಟಾಗಬಾರದೆಂದು ಹಪ್ಪಳದಷ್ಟು ತೆಳ್ಳಗೆ ಉಜ್ಜಿದೆ. ಅವರನ್ನು ಎತ್ತಿ ಆಡಿಸಿದ ಕೈಯಲ್ಲವೇ.

ಬೆಳಿಗ್ಗೆ ಕೈದಿಗಳನ್ನು ಸಾಲಾಗಿ ನಿಲ್ಲಿಸಿದಾಗ ಕತ್ತಿ ತಲುಪಿಸುವ ನೆಪದಲ್ಲಿ ಹತ್ತಿರ ಹೋದೆ. ಕಾವಲಿನವನು ನನ್ನ ಬೆಳ್ಳಿಯ ಶಿಲುಬೆ ಪಡೆದು ಮುಖ ತಿರುಗಿಸಿದ. ಪತ್ರ, ಗರಿ, ಶಾಯಿಕುಡಿಕೆ ಎಲ್ಲ ಅಂಗಿಯೊಳಗಿತ್ತು.

“ದಣಿ, ಕತ್ತಿ ಮುರಿಯೋಕೆ ಮುಂಚೆ ಒಂದು ಸಹಿ ಹಾಕಿಬಿಡಿ. ಇನ್ನೂ ನಿಮ್ಮ ಮಾತು ನಡೆಯುತ್ತೆ.”

ಅವರು ಓದಿ ಮುಖ ಗಂಟಿಕ್ಕಿದರು. “‘ನನ್ನ ಆಳಾದ ಉಸ್ತೀನ್ಯಾ’ ಅಂತ ಬರೆಸಿದ್ದೀಯಲ್ಲೋ. ಸಹಿ ಹಾಕಿದ್ರೆ ಮನುಷ್ಯರಿಗೆ ನಾನು ಒಡೆಯ ಅಂತ ಒಪ್ಪಿದ ಹಾಗಾಗುತ್ತೆ. ಅದನ್ನ ಒಪ್ಪಲ್ಲ ಅಂತಲೇ ಅಲ್ವೇನೋ ನಾನಿಲ್ಲಿ ನಿಂತಿರೋದು?”

“ಒಪ್ಪಬೇಡಿ ಸ್ವಾಮಿ, ಗೀಚಿದ್ರೆ ಸಾಕು. ಅವಳನ್ನ ಒಯ್ಯೋಕೆ ನಿಮ್ಮಣ್ಣನ ಬಂಡಿ ಆಗ್ಲೇ ಮನೆ ಹಿತ್ತಿಲಲ್ಲಿ ನಿಂತಿದೆ.”

“ತತ್ವ ಅನ್ನೋದೊಂದಿದೆ, ಯೆಫ್ರೇಮ್. ನಿನಗೆ ಅರ್ಥ ಆಗಲ್ಲ.”

ಪತ್ರವನ್ನು ನೀಟಾಗಿ ಮಡಚಿ ನನ್ನ ಕೈಗೇ ಇಟ್ಟರು. ಅಷ್ಟರಲ್ಲಿ ಅವರ ಹೆಸರು ಕೂಗಿದರು.

ಮೊಣಕಾಲೂರಿದರು. ಕತ್ತಿ ತಗುಲಿದ ಕೂಡಲೇ ಮುರಿಯಿತು. ಒಂದು ಕೂದಲೂ ಕೊಂಕಲಿಲ್ಲ. ಎದ್ದವರು ನೇರ ನನ್ನ ಬಳಿ ಬಂದು, ಕಣ್ತುಂಬಿಕೊಂಡು ತಬ್ಬಿದರು.

“ಈಗ ನೀನೂ ನಾನೂ ಸಮಾನರಪ್ಪ.”

ಆ ಮುಖದಲ್ಲಿ ಎಂಥ ಸಂತೋಷ. ನಾನು ಬಗ್ಗಿ ತುಂಡುಗಳನ್ನು ಆಯ್ದುಕೊಂಡೆ. ಆ ಕತ್ತಿಗೆ ನಾನು ಅರ ಮುಟ್ಟಿಸಲೇಬಾರದಿತ್ತು.